ಕುಕ್ಕರಹಳ್ಳಿ ದಾರಿಯ ನಾಯಿಗಳು

ಮೈಸೂರಿಗೆ ಬಂದರೆ ಅರಮನೆ, ಬೆಟ್ಟ ನೋಡೋದು ಇದ್ದದ್ದೇ. ಒಮ್ಮೆ ಬೆಳಿಗ್ಗೆ ಬೇಗ ಎದ್ದು ಕುಕ್ಕರಹಳ್ಳಿ ಕೆರೆಯ ಕಡೆ ಹೊರಡಿ. ದಾರಿಯಲ್ಲಿ ಯಜಮಾನರನ್ನು ಎಳೆದುಕೊಂಡು ಹೊರಟ ನಾಯಿಗಳು ಸಿಗುತ್ತವೆ! ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ ಗಿಡ್ಡ ಕೂದಲು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಾಕರ್ ಸ್ಪ್ಯಾನಿಯಲ್‌ನ ಜೋಲುಕಿವಿಯನ್ನು ದಿನಾ ಬಾಚದಿದ್ದರೆ ಕೂದಲು ಗಂಟಾಗುತ್ತೆ. ನಮ್ಮ ಸ್ಪಿಟ್ಜ್‌ಗೆ ಎರಡು ಪದರ: ಮೇಲೆ ಉದ್ದ ಕೂದಲು, ಒಳಗೆ ಹತ್ತಿಯಂಥದು. ಏಪ್ರಿಲ್ ಸೆಕೆಗೆ ಪಾಪ ಅಂತ ನಾನೇ ಬೋಳಿಸಿಬಿಟ್ಟೆ. ಚರ್ಮ ಕೆಂಪಾಯಿತು, ವರ್ಷವಾದರೂ ಕೂದಲು ಮೊದಲಿನಂತೆ ಬರಲಿಲ್ಲ. ಅದೇ ಅದರ ಕೊಡೆಯಾಗಿತ್ತು! ಅಂಥ ನಾಯಿ ನಿಮ್ಮಲ್ಲಿದ್ದರೆ ಬೋಳಿಸಬೇಡಿ. ಉದುರುವ ಒಳಗೂದಲನ್ನು ಬಾಚಿ ತೆಗೆಯಿರಿ. ನೆರಳು, ತಣ್ಣೀರು ಕೊಡಿ. ಬಿಸಿಲೇರುವ ಮೊದಲು ಕೆರೆಯ ಕಡೆ ಒಂದು ಸುತ್ತು ಹಾಕಿಸಿ, ಇಬ್ಬರಿಗೂ ಹಿತ.