ಕಪ್ಪು ಲೇಹ್ಯ

ಆಸ್ಟ್ರೇಲಿಯದವರ ತಿಂಡಿಗಳಲ್ಲಿ ಕೊಬ್ಬರಿ ತುರಿ ಹೊದ್ದ ಲ್ಯಾಮಿಂಗ್ಟನ್ ಕೇಕನ್ನೂ ಓಟ್ಸ್ ಹಾಕಿದ ಆನ್ಜಾಕ್ ಬಿಸ್ಕತ್ತನ್ನೂ ನಮ್ಮವರು ಮೊದಲ ದಿನವೇ ಒಪ್ಪಿಕೊಳ್ಳುತ್ತಾರೆ. ಮಾಂಸದ ಪೈ ನನ್ನ ಪಾಲಿನದಲ್ಲ. ಕಷ್ಟವಿರುವುದು ವೆಜಿಮೈಟ್ ಜೊತೆಗೆ.

ಮೆಲ್ಬರ್ನಿನಲ್ಲಿ ಮಗಳ ಅಡಿಗೆಮನೆಯಲ್ಲಿ ಹಳದಿ ಮುಚ್ಚಳದ ಆ ಸೀಸೆ ಕಂಡು, "ಏನೇ ಇದು, ಬಾಣಂತಿ ಲೇಹ್ಯ ಈಗಲೇ ತಂದಿಟ್ಟಿದ್ದೀಯಾ?" ಎಂದು ತಮಾಷೆ ಮಾಡಿದೆ. ಅವಳಿಗಾಗ ಆರು ತಿಂಗಳು. ಕಪ್ಪಗೆ, ಅಂಟಂಟಾಗಿ ಥೇಟ್ ಲೇಹ್ಯವೇ. ರುಚಿ ಮಾತ್ರ, ಉಪ್ಪಿನಕಾಯಿ ಜಾಡಿಯ ತಳದ ರಸವನ್ನು ಕುದಿಸಿ ಕುದಿಸಿ ಇಂಗಿಸಿದ ಹಾಗೆ; ಕೊನೆಯಲ್ಲಿ ಸಣ್ಣ ಕಹಿ. ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಅದರ ಮೇಲೆ ಬಣ್ಣ ಕಂಡೂ ಕಾಣದಷ್ಟು ಸವರಬೇಕು.

ಬೀರು ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನಿಂದ ಇದನ್ನು ಮಾಡುತ್ತಾರೆ. ಮೊದಲ ಮಹಾಯುದ್ಧದ ದೆಸೆಯಿಂದ ಇಂಗ್ಲೆಂಡಿನ ಮಾರ್ಮೈಟ್ ಸರಿಯಾಗಿ ಬಾರದಾದಾಗ, ಫ್ರೆಡ್ ವಾಕರ್ ಎಂಬ ಮೆಲ್ಬರ್ನಿನ ವ್ಯಾಪಾರಿ ಸಿರಿಲ್ ಕ್ಯಾಲಿಸ್ಟರ್ ಎಂಬ ರಸಾಯನ ವಿಜ್ಞಾನಿಗೆ ಈ ಕೆಲಸ ಒಪ್ಪಿಸಿದ. 1923ರಲ್ಲಿ ಸರಕು ಅಂಗಡಿಗೆ ಬಂತು, ಕೊಳ್ಳುವವರಿಲ್ಲ. 1928ರಲ್ಲಿ 'ಪಾರ್ವಿಲ್' ಎಂದು ಹೆಸರು ಬದಲಿಸಿದರು. ಮಾ ಮೈಟ್, ಪಾ ವಿಲ್. ಅಮ್ಮ ತಿಂದರೂ ತಿಂದಾಳು, ಅಪ್ಪ ತಿಂದೇ ತಿನ್ನುತ್ತಾನೆ! ಇಂಥ ಶ್ಲೇಷೆಗೆ ನಮ್ಮ ಹರಟೆಕಟ್ಟೆಯಲ್ಲೂ ಯಾರೂ ನಗುತ್ತಿರಲಿಲ್ಲ. 1935ರಲ್ಲಿ ಹಳೆಯ ಹೆಸರೇ ಮರಳಿತು.

ಬೀರಿನ ಸಂಗತಿ ಕಿವಿಗೆ ಬಿದ್ದದ್ದೇ ನಮ್ಮ ಯಜಮಾನರು, "ಬಸುರಿ ಹೆಂಡದ ಗಸಿ ತಿನ್ನುವುದೇ?" ಎಂದು ಮೂಗು ಮುರಿದರು. ನಾನು ಅವರಿಗೆ ಲೂಸಿ ವಿಲ್ಸ್ ಕಥೆ ಹೇಳಿದೆ. 1928ರಲ್ಲಿ ಮುಂಬಯಿಗೆ ಬಂದ ಈ ಇಂಗ್ಲಿಷ್ ವೈದ್ಯೆ, ಗಿರಣಿ ಕೆಲಸದ ಬಸುರಿಯರನ್ನು ಕಾಡುತ್ತಿದ್ದ ರಕ್ತಹೀನತೆಯ ಬೆನ್ನು ಹತ್ತಿದಳು. ರೋಗಾಣುವಲ್ಲ, ಊಟದಲ್ಲೇ ಏನೋ ಕೊರತೆ ಎಂದು ಕಂಡುಕೊಂಡಳು. ಮಾರ್ಮೈಟ್ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದಳು. ಆ ಗುಣದ ಮೂಲ ಫೋಲಿಕ್ ಆಮ್ಲ ಎಂಬುದು ಗೊತ್ತಾದದ್ದು ನಲವತ್ತರ ದಶಕದಲ್ಲಿ. ಈಗ ಬಸುರಿಯರಿಗೆ ಅದರದೇ ಮಾತ್ರೆ.

ಯಜಮಾನರು ಸುಮ್ಮನಾದರು. ನನ್ನ ಮನಸ್ಸು ಸುಮ್ಮನಾಗಲಿಲ್ಲ. ಅದೇ ಕಾಲದಲ್ಲಿ ನಮ್ಮೂರಿನಲ್ಲಿ ಅಜ್ಜಿಯ ತಂಗಿಯೊಬ್ಬಳು ಮೂರನೆಯ ಬಸಿರಿನಲ್ಲಿ ಬಿಳಿಚಿಕೊಳ್ಳುತ್ತಾ ಹೋಗಿ ತೀರಿಕೊಂಡಳಂತೆ. ರೋಗಕ್ಕೆ ಹೆಸರಿಡಬಲ್ಲವರು ಸುತ್ತ ಹತ್ತು ಹಳ್ಳಿಯಲ್ಲಿರಲಿಲ್ಲ. ದೃಷ್ಟಿ ನಿವಾಳಿಸಿದರು, ತಾಯಿತ ಕಟ್ಟಿಸಿದರು, ಪಥ್ಯವೆಂದು ಸೊಪ್ಪು ನಿಲ್ಲಿಸಿದರು. ಅಜ್ಜಿ ಮಾತ್ರ ಮುಂದೆ ನಮ್ಮಮ್ಮನ ಬಸಿರಿನಲ್ಲಿ ಯಾರ ಮಾತಿಗೂ ಸೊಪ್ಪು ಹಾಕದೆ, ದಿನ ಬಿಟ್ಟು ದಿನ ದಂಟಿನ ಸೊಪ್ಪಿನ ಹುಳಿ ಮಾಡಿ ಬಡಿಸಿದಳು.