ನೂರು ಮನೆಯ ಚೆಸ್

ಹೋದ ತಿಂಗಳು ಊರಲ್ಲಿ ಅಟ್ಟ ಹತ್ತಿದ್ದೆ. ತಿಪಟೂರು, ತುರುವೇಕೆರೆ ಕಡೆಯವರಿಗೆ ಅಟ್ಟದ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ: ಬಲಿತ ತೆಂಗಿನಕಾಯಿಯನ್ನ ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಲ್ಲಿ ಕೂಡಿಟ್ಟರೆ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತೆ. ಆ ರಾಶಿಯ ಹಿಂದೆ ಒಂದು ರಟ್ಟು ಸಿಕ್ತು. ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದ, ಹತ್ತಕ್ಕೆ ಹತ್ತು ಮನೆಯ ಚೆಸ್ ಬೋರ್ಡು.

2005ರ ಬೇಸಿಗೆ ರಜೆಯಲ್ಲಿ ನಾನೂ ದೊಡ್ಡಪ್ಪನ ಮಗನೂ ಮಾಡಿದ್ದು. ಎಂಟು ಮನೆ ಸಾಲದು, ಆನೆ ಎಲ್ಲಾ ಹಳೇ ಕಾಲದ್ದು ಅಂತ ಅವನ ವಾದ. ಆನೆ ಜಾಗಕ್ಕೆ ಟ್ಯಾಂಕ್ ಬಂತು, ಅಂದ್ರೆ ಮರದಿಂದ ಉದುರಿ ಒಣಗಿದ ಹೀಚು. ಎರಡು ತುದಿಗೆ ವಿಮಾನ, ಕ್ಷಿಪಣಿ. ಚಿಪ್ಪು ಉಜ್ಜಿ ಉಜ್ಜಿ ಬೆರಳು ಬೊಬ್ಬೆ ಬಂದಿತ್ತು. ವಿಮಾನ ಯಾವ ದಿಕ್ಕಿಗಾದರೂ ಮೂರು ಮನೆ ಹಾರಬಹುದು. ಕ್ಷಿಪಣಿ ಎಲ್ಲಿ ಬೇಕಾದರೂ ಬೀಳಬಹುದು, ಬಿದ್ದ ಮೇಲೆ ಅದೂ ಖಲಾಸ್.

ಮೊದಲ ಆಟ ಒಂದೇ ನಡೆಗೆ ಮುಗೀತು. ನಾನು ಕ್ಷಿಪಣಿ ಎತ್ತಿ ಸೀದಾ ಅವನ ರಾಜನ ಮೇಲೆ ಹಾಕಿದೆ. ಕೈ ಕೈ ಮಿಲಾಯಿಸುವಷ್ಟು ಜಗಳ. ಜಗಲಿ ಮೇಲಿದ್ದ ತಾತ, "ರಾಜನ್ನೇ ಮೊದಲನೇ ಏಟಿಗೆ ಹೊಡೆದ್ರೆ ಆಮೇಲೆ ರಾಜಿ ಯಾರ ಹತ್ರ ಮಾಡ್ಕೋತೀರ್ಲಾ?" ಅಂದರು. ರಾಜನಿಗೆ ಕ್ಷಿಪಣಿ ಹೊಡೆಯಂಗಿಲ್ಲ ಅಂತ ರೂಲ್ ಆಯ್ತು. ಆಮೇಲೆ ಒಬ್ಬ ಹೊಡೆದರೆ ಇನ್ನೊಬ್ಬನೂ ಹೊಡೀತಿದ್ದ, ಇಬ್ಬರ ಮಂತ್ರಿಯೂ ಹೋಗ್ತಿದ್ದ. ವಾರದೊಳಗೆ ಕ್ಷಿಪಣಿ ಮುಟ್ಟೋದನ್ನೇ ಬಿಟ್ಟೆವು. ಅದು ಮೂಲೆಯಲ್ಲಿ ಸುಮ್ಮನೆ ಕೂತಿರ್ತಿತ್ತು.

ನಾವೇ ಕಂಡುಹಿಡಿದದ್ದು ಅಂದ್ಕೊಂಡಿದ್ವಿ. ತೈಮೂರನ ಹೆಸರಿನ ಚೆಸ್‌ನಲ್ಲಿ 112 ಮನೆಗಳಿವೆಯಂತೆ, ಜಿರಾಫೆ ಕೂಡ ಇದೆ. ಅದರಲ್ಲಿ ಕೋಟೆ ಗೋಡೆ ಒಡೆಯುವ ಯಂತ್ರದ ಹೆಸರಿನ ಕಾಯಿ ಒಂದಿದೆ, ದಬ್ಬಾಬಾ. ಇವತ್ತಿನ ಅರಬ್ಬಿಯಲ್ಲಿ ಟ್ಯಾಂಕಿಗೂ ಅದೇ ಪದ! ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ (1794–1868) ಇದೇ ಹುಚ್ಚು. ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬೋರ್ಡು ಸುತ್ತುವ ದಾರಿಗಳನ್ನ ಕೂತು ರಚಿಸಿದವರು. ಅಷ್ಟಕ್ಕೂ ಆನೆ, ಕುದುರೆ, ರಥ, ಕಾಲಾಳು ಅನ್ನೋ ಚತುರಂಗವೇ ಒಂದು ಕಾಲದ ಮಾಡರ್ನ್ ಸೈನ್ಯ ತಾನೆ.

ಲಾಕ್‌ಡೌನ್‌ನಲ್ಲಿ ಈ ಆಟಕ್ಕೊಂದು ಪ್ರೋಗ್ರಾಂ ಬರೆದು ಕಂಪ್ಯೂಟರನ್ನ ಅದರ ಜೊತೆಗೇ ಆಡಿಸಿದೆ. ಅದು ಪ್ರತಿ ಸಲ ಮೊದಲ ನಡೆಗೇ ಕ್ಷಿಪಣಿ ಬಿಡ್ತಿತ್ತು. ದಾಕ್ಷಿಣ್ಯಕ್ಕೆ ಕೋಡ್ ಬರೆಯೋದು ನನಗೆ ಗೊತ್ತಾಗಲಿಲ್ಲ.

ತೋಟ ಪಾಲಾದಾಗ ನಾನೂ ಅದನ್ನೇ ಮಾಡಿದೆ. ಬದುವಿನ ನಾಲ್ಕು ಮರದ ವಿಷಯ. ದೊಡ್ಡವರು ಇನ್ನೂ ಮಾತಾಡ್ತಾ ಇದ್ದರು, ನಾನು ರಾತ್ರಿ ಹನ್ನೊಂದಕ್ಕೆ ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪನ ಹೆಸರೆತ್ತಿ ಉದ್ದಕ್ಕೆ ಬರೆದೆ. ಮೂರು ವರ್ಷ ಆಯ್ತು, ಅಣ್ಣನ ಜೊತೆ ಮಾತಿಲ್ಲ.

ಅಟ್ಟದಲ್ಲೇ ಕೂತು ಬೋರ್ಡಿನ ಫೋಟೋ ತೆಗೆದು ಅವನಿಗೊಬ್ಬನಿಗೇ ಕಳಿಸಿದೆ. ಬೇರೇನೂ ಬರೆಯಲಿಲ್ಲ. ನೀಲಿ ಟಿಕ್ ಬಿತ್ತು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಬಂತು: "ಒಂದು ವಿಮಾನ ಕಾಣ್ತಿಲ್ಲ. ನಿಂದಾ, ನಂದಾ?"

ಕೊಬ್ಬರಿ ರಾಶಿ ಸರಿಸಿ ಹುಡುಕ್ತಿದ್ದೀನಿ, ಇನ್ನೂ ಸಿಕ್ಕಿಲ್ಲ ಅಂತ ಬರೆದೆ. "ಭಾನುವಾರ ಬರ್ತೀನಿ, ಇಬ್ರೂ ಹುಡುಕೋಣ" ಅಂದ.