ಒಳ್ಳೆಯ ಕೈ, ಬಿಡುವ ಹೊತ್ತು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್. ಸುಗ್ಗಿಯ ದಿನಗಳಲ್ಲಿ ಅಡತಿ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ವರ್ತಕರು ಲಾಟಿನಿಂದ ಲಾಟಿಗೆ ನಡೆಯುತ್ತ, ಹಿಡಿ ಕಾಯಿ ಎತ್ತಿ ಬಣ್ಣ ನೋಡಿ, ಮುರಿದು ಒಣಗಿದೆಯೇ ಎಂದು ಪರೀಕ್ಷಿಸಿ ತಮ್ಮ ದರ ನಮೂದಿಸುತ್ತಾರೆ. ದರ ಪ್ರಕಟವಾದ ಮೇಲೆ ಅದನ್ನು ಒಪ್ಪುವುದೋ ಬಿಡುವುದೋ ರೈತನ ಇಷ್ಟ. ಒಪ್ಪಿದರೆ ತೂಕ. ಒಪ್ಪದಿದ್ದರೆ ಮುಂದಿನ ಟೆಂಡರ್, ಇಲ್ಲವೇ ಕೋಲ್ಡ್ ಸ್ಟೋರೇಜ್. ತುಂಗಭದ್ರೆಯ ದಡದ ಐರಣಿಯಿಂದ ಬಂದವನಿಗೂ, ಬಳ್ಳಾರಿಯಿಂದ ರಾತ್ರಿಯೆಲ್ಲ ಲಾರಿಯಲ್ಲಿ ಕೂತು ಬಂದವನಿಗೂ ಈ ನಿರ್ಧಾರಕ್ಕೆ ಸಿಗುವುದು ಕೆಲವೇ ಗಂಟೆ.

ಕೈಯಲ್ಲಿರುವ ಸರಕು ಕಳಪೆಯಾಗಿದ್ದರೆ ನಿರ್ಧಾರ ಕಷ್ಟವಲ್ಲ, ಬಂದಷ್ಟಕ್ಕೆ ಕೊಟ್ಟು ಬಸ್ಸು ಹತ್ತಬಹುದು. ಕಷ್ಟ ಶುರುವಾಗುವುದು ಸರಕು ಚೆನ್ನಾಗಿದ್ದಾಗ.

ಬ್ಯಾಡಗಿ ಮೆಣಸಿನಕಾಯಿಗೆ ಒಳ್ಳೆಯ ಸರಕೆಂಬ ಹೆಮ್ಮೆ ಸಲ್ಲತಕ್ಕದ್ದೇ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಾಯಿ ಖಾರದಲ್ಲಿ ಕಡಿಮೆ, ಬಣ್ಣದಲ್ಲಿ ಗಾಢ. ಸಿಪ್ಪೆಯ ತುಂಬ ಸುಕ್ಕು. ಉದ್ದನೆಯ ಕಡ್ಡಿ, ಗಿಡ್ಡನೆಯ ಡಬ್ಬಿ ಎಂಬ ಎರಡು ಬಗೆ. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಕೆಂಪು ಸತ್ವ ಆಹಾರ ಪದಾರ್ಥಗಳಿಂದ ಹಿಡಿದು ಲಿಪ್‌ಸ್ಟಿಕ್‌ವರೆಗೆ ಬಣ್ಣ ಕೊಡುತ್ತದೆ. ಇಂಥ ಕಾಯಿ ಬೆಳೆದು, ಬಿಡಿಸಿ, ಕಣದಲ್ಲಿ ಒಣಗಿಸಿ ತಂದವನಿಗೆ ‘ಈ ದರಕ್ಕೆ ಇದನ್ನ ಹೆಂಗ ಕೊಡ್ಲಿ?’ ಅನ್ನಿಸುವುದು ಸಹಜ. ಅದೇ ಪ್ರಶ್ನೆ ಅವನನ್ನು ಸಿಕ್ಕಿಸುವುದೂ ಹೌದು.

ಪೋಕರ್ ಆಡುವವರು ಈ ಸಿಕ್ಕನ್ನು ಲೆಕ್ಕ ಹಾಕಿ ನೋಡಿದ್ದಾರೆ. ಟೆಕ್ಸಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬರಿಗೂ ಮೊದಲು ಎರಡೆಲೆ, ಆಮೇಲೆ ಎಲ್ಲರಿಗೂ ಸೇರಿದ ಐದೆಲೆ ಮೇಜಿನ ಮೇಲೆ ಹಂತಹಂತವಾಗಿ ತೆರೆಯುತ್ತವೆ. ಮೊದಲ ಎರಡೆಲೆಯಲ್ಲಿ ಜೋಡಿ ಎಕ್ಕಕ್ಕಿಂತ ದೊಡ್ಡದಿಲ್ಲ. ಅದು ಸಿಗುವುದು 221 ಸಲಕ್ಕೆ ಒಮ್ಮೆ. ಎದುರು ಒಬ್ಬನೇ ಇದ್ದು ಅವನ ಎಲೆ ಯಾವುದಾದರೂ ಆಗಿರಲಿ, ಜೋಡಿ ಎಕ್ಕ ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಅದೇ ಎದುರು ಒಂಬತ್ತು ಜನ ಕೊನೆಯವರೆಗೂ ಉಳಿದರೆ ಗೆಲುವು ಸುಮಾರು 31ಕ್ಕೆ ಇಳಿಯುತ್ತದೆ. ಎಲೆ ಬದಲಾಗಿಲ್ಲ, ಎದುರಿನವರ ಸಂಖ್ಯೆ ಬದಲಾಗಿದೆ. ಎರಡನೆಯ ದೊಡ್ಡ ಕೈಯಾದ ಜೋಡಿ ರಾಜನ ಕಥೆಯೂ ಹೀಗೇ. ಮೇಜಿನ ಮೇಲೆ ತೆರೆಯುವ ಮೊದಲ ಮೂರೆಲೆಯಲ್ಲಿ ಒಂದಾದರೂ ಎಕ್ಕ ಬೀಳುವುದು ನೂರಕ್ಕೆ ಸುಮಾರು 23 ಸಲ. ಬಿದ್ದ ಮೇಲೆ ಎದುರಾಳಿ ಪಣ ಏರಿಸುತ್ತಲೇ ಹೋದರೆ, ಅನುಭವಿ ಆಟಗಾರ ರಾಜರಿಬ್ಬರನ್ನೂ ಮಗುಚಿಟ್ಟು ಹಿಂದೆ ಸರಿಯುತ್ತಾನೆ. ಅಲ್ಲಿಯವರೆಗೆ ಕಟ್ಟಿದ ಹಣ ಇನ್ನು ತನ್ನದಲ್ಲ ಎಂದು ಅವನಿಗೆ ಗೊತ್ತು. ಅದನ್ನು ಉಳಿಸಿಕೊಳ್ಳಲು ಇನ್ನಷ್ಟು ಸುರಿಯುವುದಿಲ್ಲ.

ಹಾವೇರಿ ಸೀಮೆಯ ಊರುಗಳಲ್ಲಿ ಪೋಕರ್‌ಗಿಂತ ರಮ್ಮಿ ಪರಿಚಿತ. ಅಲ್ಲಿಯೂ ಈ ವಿವೇಕಕ್ಕೆ ಅಂಕಿಯಲ್ಲೇ ಬೆಲೆ ಕಟ್ಟಿದ್ದಾರೆ. ಸಾಮಾನ್ಯ ಲೆಕ್ಕದಲ್ಲಿ ಮೊದಲಿಗೇ ಡ್ರಾಪ್ ಅಂದರೆ 20 ಪಾಯಿಂಟ್ ದಂಡ, ನಡುವೆ ಬಿಟ್ಟರೆ 40, ಕೊನೆಯವರೆಗೂ ಕೂತು ಸೋತರೆ 80ರವರೆಗೆ. ಎರಡು ಜೋಕರ್ ಬಂದ ಖುಷಿಗೆ ಕೂತವನು, ಜೋಕರ್ ಇಲ್ಲದ ಸೀಕ್ವೆನ್ಸ್ ಒಂದೂ ಕೂಡದೆ 80 ಹೊರುವುದನ್ನು ಊರ ಕಟ್ಟೆಯ ಮೇಲೆ ಯಾರು ಬೇಕಾದರೂ ನೋಡಬಹುದು.

ಮೆಣಸಿನಕಾಯಿಯ ರೈತನ ಮುಂದಿರುವುದು ಆಟವಲ್ಲ, ವರ್ಷದ ಅನ್ನ. ಆದರೂ ಲೆಕ್ಕದ ಬಗೆ ಒಂದೇ. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟರೆ ಬಣ್ಣ ಉಳಿಯುತ್ತದೆ ನಿಜ, ಬಾಡಿಗೆ ಏರುತ್ತದೆ. ಸಾಲದ ಬಡ್ಡಿ ಏರುತ್ತದೆ. ಮುಂದಿನ ಹಂಗಾಮಿನ ಬೀಜ, ಗೊಬ್ಬರಕ್ಕೆ ಕೈಯಲ್ಲಿ ಕಾಸು ಇರುವುದಿಲ್ಲ. ಹೊಸ ಬೆಳೆ ಬರುವ ಹೊತ್ತಿಗೆ ಹಳೆಯ ದಾಸ್ತಾನು ಕರಗಿರದಿದ್ದರೆ ಎರಡೂ ಒಂದೇ ಮಾರುಕಟ್ಟೆಗೆ ಬರುತ್ತವೆ. ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿಯೂ ಅಲ್ಲಿಗೇ ಬರುತ್ತದೆ. ಜೋಡಿ ಎಕ್ಕ ಹಿಡಿದವನ ಎದುರು ಒಂಬತ್ತು ಜನ ಕೂತಂತೆಯೇ ಇದು.

2024ರ ಮಾರ್ಚ್ 11, ಸೋಮವಾರ. ದರ ಕುಸಿದದ್ದು ಕಂಡು ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಹಿಂಸೆಯನ್ನು ಯಾರೂ ಒಪ್ಪಲಾರರು. ಆದರೆ ಹಿಂದಿನ ವರ್ಷದ ದರವನ್ನು ಕಣ್ಣಲ್ಲಿಟ್ಟುಕೊಂಡು ಆಳು, ಔಷಧಿ, ನೀರಿಗೆ ಸುರಿದು ಬೆಳೆದವನ ಸಂಕಟ ಸುಳ್ಳಲ್ಲ. ಅಂದು ಮಾರದೆ ಚೀಲ ಹಿಂದಕ್ಕೆ ಹೊತ್ತವರ ಮುಂದೆ ಉಳಿದಿದ್ದೂ ಅದೇ ಹಳೆಯ ಪ್ರಶ್ನೆ: ತಡೆಯುವುದೋ, ಕೊಡುವುದೋ?

ಹಾವೇರಿ ಜಿಲ್ಲೆಯ ಬಹಳಷ್ಟು ರೈತರು ಇನ್ನೂ ಮೊದಲೇ, ಬಿತ್ತುವ ಹೊತ್ತಿನಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಮುಟುರು ರೋಗ, ಕೈಕೊಡುವ ಮಳೆ, ಕಾಯಿ ಬಿಡಿಸಲು ಸಿಗದ ಆಳು ಇವುಗಳಿಗೆ ಸೋತು ಮೆಣಸಿನಕಾಯಿ ಬಿಟ್ಟು ಗೋವಿನಜೋಳಕ್ಕೆ ಹೋದರು. ಊರಿನ ಹೆಸರು ಹೊತ್ತ ಬೆಳೆ ಊರಿನ ಸುತ್ತಲೇ ಕಡಿಮೆಯಾಯಿತೆಂದು ಮರುಗುವವರಿದ್ದಾರೆ, ಮರುಗಬೇಕಾದದ್ದೇ. ಆದರೆ ಮಳೆ ನಂಬಿದ ನಾಲ್ಕೆಕರೆಯ ಒಕ್ಕಲು ಮನೆ ಉಳಿಸಿಕೊಳ್ಳಲು ಹಾಗೆ ಮಾಡಿದ್ದರೆ ಅದನ್ನು ಹೇಡಿತನ ಎನ್ನುವಂತಿಲ್ಲ.

ಹಾಗೆಂದು ಯಾವಾಗಲೂ ಬಿಡುವುದೂ ಸರಿಯಲ್ಲ. ದಾಸ್ತಾನು ಕಡಿಮೆ ಇದ್ದು, ಸಾಲದ ಒತ್ತಡವಿಲ್ಲದೆ, ಅಪ್ಪಟ ಡಬ್ಬಿ ಕೈಯಲ್ಲಿದ್ದರೆ ತಡೆದವನೇ ಜಾಣ. ಹೆದರಿ ಬಿಡುವುದಕ್ಕೂ ನೋಡಿ ಬಿಡುವುದಕ್ಕೂ ಇರುವ ಅಂತರ ಮಾಹಿತಿಯದು. ಪೋಕರ್ ಆಟಗಾರನಿಗೆ ಮೇಜಿನ ಮೇಲೆ ತೆರೆದ ಎಲೆಗಳಾದರೂ ಕಾಣುತ್ತವೆ. ರೈತನಿಗೆ ಅಷ್ಟೂ ಕಾಣುವುದಿಲ್ಲ. ಆದ್ದರಿಂದ ಮಾರುಕಟ್ಟೆಯ ಆಡಳಿತಕ್ಕೆ ಒಂದು ಕೋರಿಕೆ: ಪ್ರತಿ ಟೆಂಡರಿನ ದಿನ ಆವಕ ಮತ್ತು ದರದ ಪಕ್ಕದಲ್ಲೇ, ಎಲ್ಲ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಉಳಿದಿರುವ ಚೀಲಗಳ ಲೆಕ್ಕವೂ ದೊಡ್ಡ ಅಕ್ಷರದಲ್ಲಿ ಫಲಕದ ಮೇಲಿರಲಿ. ರೈತರಲ್ಲಿ ಇನ್ನೊಂದು ಕೋರಿಕೆ: ಎಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ, ಎಷ್ಟು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ ಎಂಬ ಎರಡು ಅಂಕಿಗಳನ್ನು ಚೀಲ ಹೇರುವ ಮುಂಚೆಯೇ ಮನೆಯವರೆಲ್ಲ ಕೂತು ಬರೆದಿಟ್ಟುಕೊಳ್ಳಿ.